ಜಪಾನಿಗೆ ಓದಲು ಹೊರಟವರ ಪ್ರಶ್ನೆಗಳು

ಜಪಾನಿನಲ್ಲಿ ಕಾಲೇಜು ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಹಾಗಾಗಿ ಈ ದಿನಗಳಲ್ಲಿ ನಮಗೆ ಬರುವ ಪತ್ರಗಳಲ್ಲಿ ಅಲ್ಲಿಗೆ ಹೊರಟ ಮಕ್ಕಳವು, ಅವರ ಅಪ್ಪ ಅಮ್ಮಂದಿರವು ಹೆಚ್ಚು. ಪುಣೆಯಲ್ಲಿ ಜಪಾನಿ ಭಾಷೆ ಕಲಿಯುವವರು ಮೊದಲಿನಿಂದಲೂ ಇದ್ದಾರೆ. ಈಗ ಮುಂಬಯಿ, ಗೋವಾದ ಕನ್ನಡಿಗರೂ ಬರೆಯುತ್ತಿದ್ದಾರೆ. ವೀಸಾದ ಕಾಗದಗಳ ವಿಷಯ ಅಲ್ಲಿನ ಕಾಲೇಜೇ ತಿಳಿಸುತ್ತದೆ. ಹೋಗಿ ಇಳಿದ ಮೇಲೆ ಎದುರಾಗುವ ಸಂಗತಿಗಳನ್ನು ಮಾತ್ರ ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗ ಮಾರ್ಚ್ ಕೊನೆಗೆ ಟೋಕಿಯೋಗೆ ಹೊರಡುತ್ತಾನೆ. ಮಿಕ್ಸರ್, ಕುಕ್ಕರ್ ಎರಡನ್ನೂ ಕಟ್ಟಿಕೊಡಬೇಕೆಂದಿದ್ದೇನೆ. ಅಲ್ಲಿ ಇಡ್ಲಿ ಹಿಟ್ಟು ಉಬ್ಬುವುದೇ ಇಲ್ಲ ಅಂತಾರೆ, ಹೌದೇ? (ಡೊಂಬಿವಲಿಯ ಒಬ್ಬ ತಾಯಿ)

ಮಿಕ್ಸರ್ ಬೇಡಮ್ಮ. ಕುಕ್ಕರನ್ನು ಪರೀಕ್ಷೆ ಮಾಡಿ ಕಳಿಸಿ.

ನಮ್ಮ ಮನೆಯ ಕರೆಂಟು 230 ವೋಲ್ಟಿನದು, ಜಪಾನಿನದು 100 ವೋಲ್ಟಿನದು. ವೋಲ್ಟೇಜು ಅಷ್ಟು ಇಳಿದರೆ ಯಂತ್ರದ ಶಕ್ತಿ ಅರ್ಧಕ್ಕೆ ನಿಲ್ಲುವುದಿಲ್ಲ, ಸುಮಾರು ಐದರಲ್ಲಿ ಒಂದು ಪಾಲಿಗೆ ಬರುತ್ತದೆ. ನಿಮ್ಮ 750 ವಾಟಿನ ಮಿಕ್ಸರ್ ಅಲ್ಲಿ 150 ವಾಟಿನ ಕೆಲಸವನ್ನೂ ಮಾಡುವುದಿಲ್ಲ. ಚಿಕ್ಕ ಜಾರಿನಲ್ಲಿ ಜೀರಿಗೆ ಪುಡಿಯಾದೀತು. ನೆನೆದ ಉದ್ದು ಹಾಕಿದರೆ ಬ್ಲೇಡು ಸಿಕ್ಕಿಕೊಂಡು ಮೋಟಾರು ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ವೋಲ್ಟೇಜು ಏರಿಸುವ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಆದರೆ ಮೋಟಾರು ಶುರುವಾಗುವಾಗ ಹೆಚ್ಚು ಕರೆಂಟು ಎಳೆಯುವುದರಿಂದ 1500 ವಾಟಿನದ್ದೇ ಬೇಕು. ಅದು ಮಿಕ್ಸರಿಗಿಂತ ಭಾರ. ಜೊತೆಗೆ ಅಲ್ಲಿನ ಒಂದು ಪ್ಲಗ್ ಪಾಯಿಂಟಿನ ಮಿತಿಯೇ 1500 ವಾಟ್. ಮಿಕ್ಸರ್ ಬೇಕೇ ಬೇಕೆಂದಾದರೆ ಅಮೆರಿಕಕ್ಕೆ ಹೋಗುವವರಿಗಾಗಿ ನಮ್ಮ ಕಂಪನಿಗಳೇ ಮಾಡುವ 110 ವೋಲ್ಟಿನ ಮಿಕ್ಸರ್ ಕೇಳಿ ಕೊಳ್ಳಿ; 100 ವೋಲ್ಟಿನಲ್ಲಿ ತುಸು ನಿಧಾನವಾದರೂ ಅರೆಯುತ್ತದೆ. ಅದರ ಪ್ಲಗ್ಗಿಗೆ ಮೂರು ಪಿನ್ ಇದ್ದರೆ ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಇಡಿ, ಏಕೆಂದರೆ ಅಲ್ಲಿನ ಸಾಕೆಟ್ಟಿಗೆ ಸಾಮಾನ್ಯವಾಗಿ ಎರಡೇ ಚಪ್ಪಟೆ ತೂತು. ಫೋನು, ಲ್ಯಾಪ್‌ಟಾಪಿನ ಚಾರ್ಜರ್ ಮೇಲೆ 100–240 ಎಂದು ಅಚ್ಚಾಗಿದ್ದರೆ ಪಿನ್ ಬದಲಿಸಿದರೆ ಸಾಕು.

ಕುಕ್ಕರಿನ ತಳಕ್ಕೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಕಳಿಸಿ. ವಿದ್ಯಾರ್ಥಿಗಳ ಕೋಣೆಗಳಲ್ಲಿ ಇಂಡಕ್ಷನ್ ಒಲೆ ಬಹಳ; ಅದರ ಮೇಲೆ ಬರೀ ಅಲ್ಯೂಮಿನಿಯಮ್ ಕುಕ್ಕರ್ ಕಾಯುವುದೇ ಇಲ್ಲ. ಗ್ಯಾಸ್ ಕೋಣೆಯಾದರೆ ಇನ್ನೊಂದು ಎಚ್ಚರ: ಪೈಪಿನ ಗ್ಯಾಸಿನ ಒಲೆ ಬೇರೆ, ಸಿಲಿಂಡರಿನ ಒಲೆ ಬೇರೆ. ಯಾವ ಗ್ಯಾಸ್ ಎಂದು ಕೇಳದೆ ಹಳೆಯ ಒಲೆ ಕೊಂಡುಕೊಳ್ಳಬಾರದು.

ಇನ್ನು ಹಿಟ್ಟು. ಉಬ್ಬುವುದಿಲ್ಲ ಎನ್ನುವುದು ಅರ್ಧ ನಿಜ. ಇಡ್ಲಿ ಹಿಟ್ಟಿಗೆ 28ರಿಂದ 32 ಡಿಗ್ರಿ ಬಿಸಿ ಬೇಕು, ಮುಂಬಯಿಯ ಅಡುಗೆಮನೆಯಲ್ಲಿ ಅದು ತಾನಾಗಿಯೇ ಇರುತ್ತದೆ. ಟೋಕಿಯೋದ ಚಳಿಗಾಲದ ರಾತ್ರಿ ಹೀಟರ್ ಆರಿಸಿದ ಕೋಣೆ 10 ಡಿಗ್ರಿಗೂ ಇಳಿದೀತು. ಆಗ ಮಕ್ಕಳು ಮಾಡುವ ತಪ್ಪು ಒಂದೇ: ಹಿಟ್ಟನ್ನು ರೈಸ್ ಕುಕ್ಕರಿನಲ್ಲಿಟ್ಟು ‘ಬಿಸಿಯಾಗಿಡು’ ಗುಂಡಿ ಒತ್ತುವುದು. ಅದರ ಬಿಸಿ 60–70 ಡಿಗ್ರಿ. ಹಿಟ್ಟು ಅಂಚಿನಲ್ಲಿ ಬೇಯುತ್ತದೆ, ಹುಳಿ ಬರಿಸುವ ಜೀವಾಣು ಸಾಯುತ್ತದೆ. ಮೊಸರಿನ ಹೆಪ್ಪಿಗೂ ಇದೇ ಗತಿ. ಅದರ ಬದಲು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಹಿಟ್ಟಿನ ಪಾತ್ರೆಯನ್ನೂ, ಮುಟ್ಟಲು ಆಗುವಷ್ಟು ಬಿಸಿನೀರು ತುಂಬಿದ ಒಂದು ಲೀಟರಿನ ಎರಡು ಬಾಟಲಿಗಳನ್ನೂ ಇಟ್ಟು ಮುಚ್ಚಲಿ. ನಾಲ್ಕು ಗಂಟೆಗೊಮ್ಮೆ ನೀರು ಬದಲಿಸಲಿ. 12ರಿಂದ 14 ಗಂಟೆಯಲ್ಲಿ ಹಿಟ್ಟು ಏಳುತ್ತದೆ. ಅಲ್ಲಿನ ಗಿಡ್ಡ ಅಕ್ಕಿ ಅರೆದರೆ ಇಡ್ಲಿ ಅಂಟಂಟು. ಇಡ್ಲಿ ರವೆಯೇ ಒಳ್ಳೆಯದು: ಒಂದು ಲೋಟ ಉದ್ದಿಗೆ ಎರಡು ಲೋಟ ರವೆ. ಆಗ ಅರೆಯಬೇಕಾದ್ದು ಉದ್ದು ಮಾತ್ರ, ಅದಕ್ಕೆ ಅಲ್ಲಿನ ಚಿಕ್ಕ ಮಿಕ್ಸರೇ ಸಾಕಾಗುತ್ತದೆ. ರವೆ, ಬೇಳೆಗೆ ಟೋಕಿಯೋದ ಶಿನ್-ಓಕುಬೋದಲ್ಲಿ, ನಮ್ಮವರು ಬಹಳ ಮಂದಿ ವಾಸವಿರುವ ನಿಶಿ-ಕಸಾಯ್‌ನಲ್ಲಿ ಅಂಗಡಿಗಳಿವೆ.

ಪ್ರಶ್ನೆ: ಮಗಳ ಜೊತೆ ತೊಗರಿಬೇಳೆ, ಕರಿಬೇವು, ಉಪ್ಪಿನಕಾಯಿ, ಆರು ತಿಂಗಳ ಥೈರಾಯ್ಡ್ ಮಾತ್ರೆ ಕಳಿಸುತ್ತಿದ್ದೇವೆ. ಏರ್‌ಪೋರ್ಟಿನಲ್ಲಿ ತೊಂದರೆ ಇದೆಯೇ? (ವಾಸ್ಕೋದ ಓದುಗರು)

ಉಪ್ಪಿನಕಾಯಿಗೆ ತೊಂದರೆ ಇಲ್ಲ. ಅಂಗಡಿಯಲ್ಲಿ ಮೊಹರು ಹಾಕಿದ ಒಣ ಮಸಾಲೆ ಪೊಟ್ಟಣವೂ ಸರಿ. ಬೇಳೆ, ಅಕ್ಕಿ, ಹಸಿ ಕರಿಬೇವು, ಹಣ್ಣು ಬಿಟ್ಟುಬಿಡಿ. 2018ರ ಅಕ್ಟೋಬರಿನಿಂದ ಕಾಳು, ಸೊಪ್ಪು, ಬೀಜ ಯಾವುದಕ್ಕೂ ನಮ್ಮ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಎರಡು ಕಿಲೋ ಬೇಳೆಗಾಗಿ ಅದನ್ನು ಮಾಡಿಸುವುದು ಅರ್ಥವಿಲ್ಲದ ಕೆಲಸ. ಮಾಂಸದ ಯಾವ ಪದಾರ್ಥವೂ ಬೇಡ, ಚಿಕನ್ ಉಪ್ಪಿನಕಾಯಿ ಕೂಡ. ಅದಕ್ಕೆ ಕಾನೂನಿನಲ್ಲಿ ದಂಡವೂ ಇದೆ, ಜೈಲೂ ಇದೆ.

ಮಾತ್ರೆಯ ವಿಷಯ ಇನ್ನೂ ಮುಖ್ಯ. ವೈದ್ಯರ ಚೀಟಿಯ ಔಷಧಿ ಒಂದು ತಿಂಗಳಿಗಾಗುವಷ್ಟು ಮಾತ್ರ ಹಾಗೆಯೇ ಒಯ್ಯಬಹುದು. ಚೀಟಿ ಇಲ್ಲದೆ ಕೊಳ್ಳುವ ಔಷಧಿಗೆ ಎರಡು ತಿಂಗಳು, ಮುಲಾಮಿನಂಥ ಹೊರಗೆ ಹಚ್ಚುವುದಕ್ಕೆ ಒಂದೊಂದು ಬಗೆಯಲ್ಲಿ 24 ಟ್ಯೂಬು ಅಥವಾ ಡಬ್ಬಿ. ಆರು ತಿಂಗಳ ಮಾತ್ರೆಗೆ ಹೊರಡುವ ಮೊದಲೇ ಜಪಾನಿನ ಆರೋಗ್ಯ ಇಲಾಖೆಯಿಂದ ‘ಯುನ್ಯೂ ಕಾಕುನಿನ್‌ಶೋ’ ಎಂಬ ಒಪ್ಪಿಗೆ ಪತ್ರ ಪಡೆಯಬೇಕು. ಅರ್ಜಿ ಆನ್‌ಲೈನಿನಲ್ಲಿ, ಶುಲ್ಕವಿಲ್ಲ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆಸಿ. ಇಷ್ಟೆಲ್ಲ ಬೇಡವೆಂದರೆ ಒಂದು ತಿಂಗಳಿನದ್ದು ಕಳಿಸಿ. ವಿಮೆ ಆದ ಮೇಲೆ ಅಲ್ಲಿನ ವೈದ್ಯರಿಗೆ ತೋರಿಸಿ ಅದೇ ಔಷಧಿ ಕೊಳ್ಳಬಹುದು. ನೆಗಡಿ ಮಾತ್ರೆಗಳ ಹಿಂಬದಿ ಓದಿ. ಸೂಡೋಎಫೆಡ್ರಿನ್ ಎಂಬ ಅಂಶ 10 ಶೇಕಡಾಕ್ಕಿಂತ ಹೆಚ್ಚಿರುವುದಕ್ಕೆ ಪ್ರವೇಶವಿಲ್ಲ.

ಪ್ರಶ್ನೆ: ಇಳಿದ ಮೇಲೆ ಯಾವ ಕೆಲಸ ಮೊದಲು, ಯಾವುದು ನಂತರ? (ಪುಣೆಯ ವಿದ್ಯಾರ್ಥಿ)

ಈ ಸರದಿ ತಪ್ಪಿದರೆ ಒಂದಕ್ಕಾಗಿ ಇನ್ನೊಂದು ನಿಲ್ಲುತ್ತದೆ. ಬ್ಯಾಂಕಿನವರು ಫೋನ್ ನಂಬರು ಕೇಳುತ್ತಾರೆ, ಫೋನಿನವರು ವಿಳಾಸ ಕೇಳುತ್ತಾರೆ.

ನರಿತಾ, ಹನೇಡಾ, ಕನ್ಸಾಯ್‌ಯಂಥ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವಾಗಲೇ ನಿವಾಸದ ಕಾರ್ಡ್ ಕೊಡುತ್ತಾರೆ. ಪಾರ್ಟ್ ಟೈಮ್ ಕೆಲಸದ ಅನುಮತಿಯ ಫಾರ್ಮನ್ನು ಅಲ್ಲೇ ಕೊಟ್ಟುಬಿಡಿ, ಕಾರ್ಡಿನ ಹಿಂದೆ ಮುದ್ರೆ ಬೀಳುತ್ತದೆ. ಅಲ್ಲಿ ಬಿಟ್ಟರೆ ಇಮಿಗ್ರೇಶನ್ ಕಚೇರಿಗೆ ಹೋಗಿ ವಾರಗಟ್ಟಲೆ ಕಾಯಬೇಕು. ಕೋಣೆ ಸೇರಿದ 14 ದಿನದೊಳಗೆ ವಾರ್ಡ್ ಅಥವಾ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದೇ ದಿನ ಅದೇ ಕಟ್ಟಡದಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆಗೂ ಸೇರಿ. ಆಸ್ಪತ್ರೆಯ ಖರ್ಚಿನ 70 ಭಾಗ ವಿಮೆಯದ್ದು, 30 ಭಾಗ ನಿಮ್ಮದು. ಆದಾಯವಿಲ್ಲ ಎಂದು ಬರೆದುಕೊಟ್ಟರೆ ಕಂತು ಕಡಿಮೆಯಾಗುತ್ತದೆ. 20 ವರ್ಷ ತುಂಬಿದವರಿಗೆ ಪಿಂಚಣಿ ಯೋಜನೆಯೂ ಕಡ್ಡಾಯ, ತಿಂಗಳ ಕಂತು 17,000 ಯೆನ್ನಿಗೂ ಮೇಲೆ. ಆದರೆ ವಿದ್ಯಾರ್ಥಿಗಳಿಗೆ ಮುಂದೂಡುವ ಸೌಲಭ್ಯವಿದೆ. ಕೇಳಿದವರಿಗೆ ಮಾತ್ರ ಅದು ಸಿಗುತ್ತದೆ, ಸುಮ್ಮನಿದ್ದರೆ ಮನೆಗೆ ಬಿಲ್ಲು ಬರುತ್ತದೆ. ಇದಾದ ಮೇಲೆ ಫೋನು, ಆಮೇಲೆ ಬ್ಯಾಂಕು. ಹೊಸಬರಿಗೆ ಅಂಚೆ ಬ್ಯಾಂಕೇ ಸುಲಭ. ಬೇರೆ ಬ್ಯಾಂಕುಗಳು ಆರು ತಿಂಗಳು ಕಳೆಯಲಿ ಎನ್ನುವುದುಂಟು.

ನಮ್ಮವರಿಗೆ ವಿಶೇಷವಾಗಿ ಕಾಡುವುದು ಹೆಸರು. ಹೊರಗಿನವರ ಹೆಸರನ್ನು ಅಲ್ಲಿ ಕತಕನಾ ಲಿಪಿಯಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆಯುತ್ತಾರೆ. ‘ವೆಂಕಟೇಶ’ ಒಂದು ಕಡೆ ‘ವೆ’ ಆಗಿ, ಇನ್ನೊಂದು ಕಡೆ ‘ಬೆ’ ಆಗಿ ದಾಖಲಾದರೆ ಸಂಬಳ, ವಿದ್ಯಾರ್ಥಿವೇತನ ಖಾತೆಗೆ ಬೀಳದೆ ವಾಪಸಾಗುತ್ತದೆ. ಕಾಲೇಜಿನವರ ಜೊತೆ ಕೂತು ಒಂದು ಬರಹ ಗೊತ್ತುಮಾಡಿಕೊಂಡು, ಚೀಟಿಯಲ್ಲಿ ಬರೆದಿಟ್ಟು ಎಲ್ಲ ಕಡೆಯೂ ಅದನ್ನೇ ಕೊಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಕಾಲೇಜು ವೀಸಾಕ್ಕೆ ಬೇಕಾದ ನಿಮ್ಮ ಅರ್ಹತಾ ಪತ್ರಕ್ಕೆ ಅರ್ಜಿ ಹಾಕುವ ಮೊದಲೇ ಸರಿಮಾಡಿಸಿ. ಆ ಪತ್ರ ಬಂದ ಮೇಲೆ ಪಾಸ್‌ಪೋರ್ಟ್ ಬದಲಿಸಿದರೆ ಹೆಸರು ತಾಳೆಯಾಗುವುದಿಲ್ಲ.

ಪ್ರಶ್ನೆ: ವಾರಕ್ಕೆ 28 ಗಂಟೆ ಕೆಲಸ ಮಾಡಿದರೆ ಫೀಸೂ ಹುಟ್ಟುತ್ತದೆ ಎಂದು ಏಜೆಂಟ್ ಹೇಳಿದ್ದಾರೆ. ನಂಬಬಹುದೇ? (ಮುಲುಂಡಿನ ಒಬ್ಬ ತಂದೆ)

ನಂಬಬೇಡಿ. ಲೆಕ್ಕ ಹಾಕಿ ನೋಡಿ. ಗಂಟೆಗೆ 1,200 ಯೆನ್ ಎಂದು ಹಿಡಿದರೆ ತಿಂಗಳಿಗೆ 112 ಗಂಟೆಗೆ 1,34,400 ಯೆನ್. ಟೋಕಿಯೋದಲ್ಲಿ ಬಾಡಿಗೆ, ಊಟ, ವಿಮೆ, ಫೋನು, ರೈಲು ಸೇರಿದರೆ ಅದು ಅಲ್ಲಿಗಲ್ಲಿಗೆ. ಸರ್ಕಾರಿ ವಿಶ್ವವಿದ್ಯಾಲಯದ ಸಾಮಾನ್ಯ ಫೀಸು ವರ್ಷಕ್ಕೆ 5,35,800 ಯೆನ್, ಮೊದಲ ವರ್ಷ ಪ್ರವೇಶ ಶುಲ್ಕ 2,82,000 ಬೇರೆ. ಅಷ್ಟು ಹಣ ಮನೆಯಿಂದಲೋ ವಿದ್ಯಾರ್ಥಿವೇತನದಿಂದಲೋ ಬರಬೇಕು. ಭಾಷೆ ಬಾರದ ಮೊದಲ ತಿಂಗಳುಗಳಲ್ಲಿ ಕೆಲಸ ಸಿಗುವುದೂ ಕಷ್ಟ.

28 ಗಂಟೆ ಎಲ್ಲ ಕೆಲಸಗಳೂ ಸೇರಿ. ಎರಡು ಅಂಗಡಿಯಲ್ಲಿ ಇಪ್ಪತ್ತಿಪ್ಪತ್ತು ಮಾಡಿದರೆ ಮಿತಿ ದಾಟಿತು. ಕಾಲೇಜಿನ ದೀರ್ಘ ರಜೆಯಲ್ಲಿ ಮಾತ್ರ ದಿನಕ್ಕೆ ಎಂಟು ಗಂಟೆ. ತೆರಿಗೆ ದಾಖಲೆಯಲ್ಲಿ ಆದಾಯ ಕಾಣುವುದರಿಂದ ವೀಸಾ ಮುಂದುವರಿಸುವಾಗ ಸಿಕ್ಕಿಬೀಳುತ್ತಾರೆ. ಓದು ಅರ್ಧಕ್ಕೆ ಬಿಟ್ಟು ಮರಳಬೇಕಾದೀತು. ಮಗನಿಗೆ ಇದನ್ನು ಈಗಲೇ ಬಿಡಿಸಿ ಹೇಳಿ.

ಪ್ರಶ್ನೆ: ಜಪಾನ್ ರೈಲ್ ಪಾಸನ್ನು ಇಲ್ಲೇ ಕೊಂಡು ಹೋಗಲೇ? ರಜೆಯಲ್ಲಿ ದೇಶ ಸುತ್ತುವ ಆಸೆ. (ಪಿಂಪ್ರಿಯ ವಿದ್ಯಾರ್ಥಿನಿ)

ಕೊಳ್ಳಬೇಡಿ. ಆ ಪಾಸು ಪ್ರವಾಸಿಗರಿಗೆ. ವಿದ್ಯಾರ್ಥಿ ವೀಸಾದವರಿಗೆ ಕೊಡುವುದಿಲ್ಲ. ನಿಮಗಿರುವ ದಾರಿ ಎರಡು. ಒಂದು ‘ಗಾಕುವಾರಿ’: ಒಂದು ಕಡೆಯ ಪ್ರಯಾಣ 100 ಕಿ.ಮೀ. ದಾಟಿದರೆ ಜೆ.ಆರ್. (ಜಪಾನ್ ರೈಲ್ವೇಸ್) ರೈಲಿನ ಮೂಲ ದರದಲ್ಲಿ 20 ಶೇಕಡಾ ರಿಯಾಯಿತಿ. ಅದರ ಚೀಟಿಯನ್ನು ಕಾಲೇಜಿನಿಂದ ಮೊದಲೇ ತಂದಿಟ್ಟುಕೊಳ್ಳಬೇಕು. ಶಿಂಕಾನ್‌ಸೆನ್‌ನ (ಬುಲೆಟ್ ರೈಲಿನ) ವೇಗದ ಹೆಚ್ಚುವರಿ ದರಕ್ಕೆ ಈ ರಿಯಾಯಿತಿ ಇಲ್ಲ. ಇನ್ನೊಂದು ‘ಸೇಯ್‌ಶುನ್ 18’: ಹೆಸರಿನಲ್ಲಿ 18 ಇದ್ದರೂ ಎಲ್ಲ ವಯಸ್ಸಿನವರಿಗೂ ಸಿಗುತ್ತದೆ. ಜೆ.ಆರ್.ನ ಸಾಮಾನ್ಯ ರೈಲುಗಳಲ್ಲಿ 3 ದಿನಕ್ಕೆ 10,000 ಯೆನ್, 5 ದಿನಕ್ಕೆ 12,050. ವಸಂತ, ಬೇಸಿಗೆ, ಚಳಿಗಾಲದ ರಜೆಗಳಲ್ಲಿ ಮಾತ್ರ. 2024ರ ಚಳಿಗಾಲದಿಂದ ನಿಯಮ ಬದಲಾಗಿದೆ: ದಿನಗಳು ಒಂದರ ಹಿಂದೊಂದು ಇರಬೇಕು, ಗೆಳತಿಯ ಜೊತೆ ಹಂಚಿಕೊಳ್ಳುವಂತಿಲ್ಲ. ಹಳೆಯ ಸಲಹೆ ಓದಿ ಹೋದವರು ಇಲ್ಲೇ ಎಡವುತ್ತಾರೆ. ಟೋಕಿಯೋದಿಂದ ಒಸಾಕಾಕ್ಕೆ ಹೀಗೆ ಹೋದರೆ ಮೂರು ನಾಲ್ಕು ಕಡೆ ರೈಲು ಬದಲಿಸಿ ಸುಮಾರು ಒಂಬತ್ತು ಗಂಟೆ. ಕಿಟಕಿಯ ಪಕ್ಕ ಕೂತು ದೇಶ ನೋಡುವುದಕ್ಕೆ ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಪ್ರಶ್ನೆ: ನಾನು ಮೀನನ್ನೂ ತಿನ್ನುವುದಿಲ್ಲ. ಹೊರಗಡೆ ಏನು ತಿನ್ನಬಹುದು? (ಮಡಗಾಂವ್)

ತರಕಾರಿ ಕಾಣುತ್ತದೆಂದು ಸಸ್ಯಾಹಾರ ಅಂದುಕೊಳ್ಳಬೇಡಿ. ಮಿಸೋ ಸಾರು, ಉದೋನ್, ಸೊಬಾ ಎಂಬ ನೂಡಲ್ಸ್ ಎಲ್ಲದರ ಬುಡದಲ್ಲೂ ‘ದಾಶಿ’ ಇರುತ್ತದೆ, ಅದು ಬಹುಮಟ್ಟಿಗೆ ಒಣಮೀನಿನ ರಸ. “ನಿಕು ಇಲ್ಲವೇ” ಎಂದು ಕೇಳಿದರೆ ಮಾಂಸ ಇಲ್ಲವೆಂದಷ್ಟೇ ಉತ್ತರ ಬರುತ್ತದೆ. “ಕತ್ಸುಓ ದಾಶಿ” (ಒಣಮೀನಿನ ರಸ) ಇದೆಯೇ ಎಂದೂ ಕೇಳಿ. ಅಂಗಡಿಯ ಅನ್ನದುಂಡೆಗಳಲ್ಲಿ ಉಮೆಬೋಶಿ (ಉಪ್ಪಿನಲ್ಲಿಟ್ಟ ಹುಳಿ ಹಣ್ಣು) ಇರುವುದನ್ನು ತೆಗೆದುಕೊಳ್ಳಿ, ಅದೂ ಪೊಟ್ಟಣದ ಪಟ್ಟಿ ಓದಿಸಿಕೊಂಡು. ತೋಫು, ಬೇಯಿಸಿದ ಗೆಣಸು, ಹಣ್ಣು, ಸಿಹಿಯಿಲ್ಲದ ಮೊಸರು ಎಲ್ಲೆಡೆ ಸಿಗುತ್ತವೆ.

ಪ್ರಶ್ನೆ: ಕಸದ ವಿಷಯದಲ್ಲಿ ಅಕ್ಕಪಕ್ಕದವರು ಸಿಟ್ಟಾಗುತ್ತಾರಂತೆ? (ಅಂಧೇರಿ)

ಸುಡುವ ಕಸ, ಪ್ಲಾಸ್ಟಿಕ್, ಬಾಟಲಿ, ಡಬ್ಬಿ ಒಂದೊಂದಕ್ಕೂ ವಾರದಲ್ಲಿ ಬೇರೆ ದಿನ. ಊರಿಂದೂರಿಗೆ ಪಟ್ಟಿ ಬದಲಾಗುತ್ತದೆ. ವಿಳಾಸ ನೋಂದಾಯಿಸಿದ ದಿನವೇ ಕೇಳಿ ತಂದು ಅಡುಗೆಮನೆಯ ಗೋಡೆಗೆ ಅಂಟಿಸಿ. ಅದೇ ದಿನದ ಬೆಳಿಗ್ಗೆ ಎಂಟರೊಳಗೆ ಇಡುವುದು ವಾಡಿಕೆ. ಹಿಂದಿನ ರಾತ್ರಿ ಇಟ್ಟರೆ ಕಾಗೆ ಹರಿದು ಹರಡುತ್ತದೆ. ಕರಿದ ಎಣ್ಣೆ ಸಿಂಕಿಗೆ ಸುರಿಯಬಾರದು. ಬಿಸಿ ಇರುವಾಗಲೇ ಅದನ್ನು ಗಟ್ಟಿಮಾಡುವ ಪುಡಿ ಬೆರೆಸಿ, ಆರಿದ ಮೇಲೆ ಸುಡುವ ಕಸಕ್ಕೆ ಹಾಕಬೇಕು.

ಪ್ರಶ್ನೆ: ದೀಪಾವಳಿಗೆ ಮಗಳು ಮನೆಗೆ ಬಂದು ಹೋಗಬಹುದೇ? (ಠಾಣೆಯ ಓದುಗಿ)

ಖಂಡಿತ. ಆದರೆ ಅಲ್ಲಿ ದೀಪಾವಳಿಗೆ ರಜೆಯಿಲ್ಲ, ಹಾಜರಿ ಕಡಿಮೆಯಾದರೆ ವೀಸಾಕ್ಕೆ ತೊಡಕು. ಕಾಲೇಜಿಗೆ ಬರೆದುಕೊಟ್ಟೇ ಹೊರಡಲಿ. ಜಪಾನ್ ಬಿಡುವಾಗ ತುಂಬುವ ಚೀಟಿಯಲ್ಲಿ ‘ವಿಶೇಷ ಮರುಪ್ರವೇಶ’ ಎಂಬ ಚೌಕಕ್ಕೆ ಗುರುತು ಹಾಕಿ, ಪಾಸ್‌ಪೋರ್ಟಿನ ಜೊತೆ ನಿವಾಸದ ಕಾರ್ಡನ್ನೂ ತೋರಿಸಬೇಕು. ಹಾಗೆ ಮಾಡಿದರೆ ಒಂದು ವರ್ಷದೊಳಗೆ, ಕಾರ್ಡಿನ ಅವಧಿ ಅದಕ್ಕೂ ಮೊದಲೇ ಮುಗಿಯುವುದಾದರೆ ಅಷ್ಟರೊಳಗೆ, ಬೇರೆ ವೀಸಾ ಇಲ್ಲದೆ ಮರಳಬಹುದು. ಆ ಚೌಕ ಖಾಲಿ ಬಿಟ್ಟರೆ ವಿದ್ಯಾರ್ಥಿಯ ನಿವಾಸ ಹಕ್ಕು ಅಲ್ಲಿಗೇ ಮುಗಿದು, ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಕಾರ್ಡನ್ನು ಕೋಣೆಯಲ್ಲಿ ಬಿಟ್ಟು ಬರದಿರಲಿ.