ಕುಟ್ಟದಲ್ಲಿ ಕಂದಾಯ, ತೋಲ್ಪೆಟ್ಟಿಯಲ್ಲಿ ನಿಕುತಿ

ಟ್ಯಾಕ್ಸ್‌ಗೆ ನಿಮ್ಮ ಕಡೆ ಏನಂತೀರಿ ಎಂದು ಕೇಳಿದ್ದೀರಿ. ಪುಸ್ತಕದ ಉತ್ತರ ತೆರಿಗೆ. ‘ತೆರು’ ಅಂದರೆ ಕೊಡು, ಸಲ್ಲಿಸು. ಬೆಲೆ ತೆರುವುದೂ ಅದೇ ತೆರು. ಆದರೆ ಕೊಡಗಿನ ಗಡಿಯಲ್ಲಿರುವ ನಮ್ಮ ಕುಟ್ಟದ ಬಸ್ ಸ್ಟ್ಯಾಂಡಿನಲ್ಲಿ ‘ತೆರಿಗೆ ಪಾವತಿಸಿ ಬಂದೆ’ ಎಂದು ನೋಡಿ, ಭಾಷಣಕ್ಕೆ ಬಂದವರೇ ಎಂದು ಕೇಳಿಯಾರು.

ನಮ್ಮಲ್ಲಿ ಜಾಗಕ್ಕೂ ಮನೆಗೂ ಕಟ್ಟುವುದು ಕಂದಾಯ. ಗಾಡಿಗೆ, ಆದಾಯಕ್ಕೆ ಟ್ಯಾಕ್ಸ್. ಸುಂಕ ಮಾತಿನಲ್ಲಿ ಉಳಿದಿರುವುದು ಹೆಚ್ಚಾಗಿ ಗಾದೆಯಲ್ಲಿ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ಗಡಿ ದಾಟಿ ಕೇರಳದ ತೋಲ್ಪೆಟ್ಟಿಗೆ ಹೋದರೆ ಮಲಯಾಳದಲ್ಲಿ ಅದು ನಿಕುತಿ, ಇಲ್ಲವೇ ಕರಂ. ನಾವು ಕಂದಾಯ ‘ಕಟ್ಟುತ್ತೇವೆ’; ಅವರು ಕರಂ ‘ಅಡಚ್ಚು’ ಅನ್ನುತ್ತಾರೆ. ಬಾಗಿಲು ಮುಚ್ಚುವುದಕ್ಕೂ ಅವರಿಗೆ ಅದೇ ಮಾತು. ಎರಡೂ ಕಡೆ ದುಡ್ಡು ಹೋಗುವುದಂತೂ ನಿಜ!

ಹೊರಗಿನವರು ಎಡವುವುದು ಜಮ್ಮಾ ಜಾಗದ ವಿಷಯದಲ್ಲಿ. ಜಮ್ಮಾ ಎಂದರೆ ಕಂದಾಯವೇ ಇಲ್ಲ ಎಂದು ತಿಳಿದಿರುತ್ತಾರೆ. ಹಾಗಲ್ಲ. ರಾಜರ ಕಾಲದಲ್ಲಿ ಕರೆ ಬಂದಾಗ ಕೋವಿ ಹಿಡಿದು ಹೋಗಬೇಕಾದ ಮನೆತನಗಳಿಗೆ ಸಿಕ್ಕ ಗದ್ದೆ ಅದು. ಪೂರ್ತಿ ಕಂದಾಯದ ಸಾಗು ಗದ್ದೆಗೆ ಇದ್ದುದರ ಅರ್ಧದಷ್ಟು ಕಂದಾಯ ಅದಕ್ಕಿತ್ತು. ಗದ್ದೆಗೆ ಅಂಟಿಕೊಂಡ ಕಾಡು ಜಾಗ, ಅಂದರೆ ಬಾಣೆ, ಇದ್ದದ್ದು ಸೊಪ್ಪು, ಸೌದೆ, ಮೇವಿಗೆ; ಅದಕ್ಕೆ ಮಾತ್ರ ಕಂದಾಯ ಇರಲಿಲ್ಲ. ಬಾಣೆಯಲ್ಲಿ ಕಾಫಿ ಬಂದ ಮೇಲೆ ಶುರುವಾದ ತಕರಾರು ಇಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ಕಂದಾಯವನ್ನು ಬೆಳೆಯಾಗಿ ಕೇಳುತ್ತಾರೋ ದುಡ್ಡಾಗಿ ಕೇಳುತ್ತಾರೋ ಎಂಬುದೂ ಸಣ್ಣ ವಿಷಯವಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. ಕೊಡಗಿನ ರಾಜರ ಕೈಯಲ್ಲಿದ್ದ ಅಮರ ಸುಳ್ಯದ ಕಡೆಯವರು ಅಲ್ಲಿಯವರೆಗೆ ಬೆಳೆಯನ್ನೇ ಅಳೆದು ಕೊಡುತ್ತಿದ್ದರು. ಹೊಸಬರು ನಗದು ಕೇಳಿದರು. ಭತ್ತ ಇರುವವನ ಹತ್ತಿರ ರೂಪಾಯಿ ಎಲ್ಲಿಂದ ಬರಬೇಕು? ಬ್ರಿಟಿಷರ ವಿರುದ್ಧ ಎದ್ದ 1837ರ ದಂಗೆಗೆ ಅದೂ ಒಂದು ದೊಡ್ಡ ಕಾರಣ. ದಂಗೆಯ ಮುಂದಾಳುಗಳಲ್ಲೊಬ್ಬರಾದ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

‘ಕಾಫಿಯವರಿಗೆ ಟ್ಯಾಕ್ಸೇ ಇಲ್ಲವಲ್ಲ’ ಎಂದೂ ಕೇಳಿದ್ದೀರಿ. ಹಣ್ಣನ್ನು ಹಾಗೇ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ಇನ್‌ಕಮ್ ಟ್ಯಾಕ್ಸ್ ಇಲ್ಲ. ಬೆಳೆದವರೇ ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಹಸನು ಮಾಡಿಸಿ, ಮಾರಿದರೆ ಆ ಆದಾಯದ ಶೇ 25ರಷ್ಟು ಟ್ಯಾಕ್ಸ್ ಲೆಕ್ಕಕ್ಕೆ ಸೇರುತ್ತದೆ. ಹುರಿದು ಪುಡಿ ಮಾಡಿದರೆ ಶೇ 40.

ಕಂದಾಯದ ಮೊತ್ತ ನೋಡಿದರೆ ನಿಮಗೆ ನಗು ಬರಬಹುದು. ನಮ್ಮ ಮನೆಯಲ್ಲಿ ಮಾತ್ರ ಹಳೆಯ ರಸೀದಿಗಳೆಲ್ಲ ತಗಡಿನ ಪೆಟ್ಟಿಗೆಯಲ್ಲಿ ಭದ್ರ. ಜಮ್ಮಾ ಜಾಗ ಒಬ್ಬನದಲ್ಲ, ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಎಲ್ಲರ ಪರವಾಗಿ ಕಟ್ಟುವವನು ಪಟ್ಟೆದಾರ. ನಮ್ಮ ಪಹಣಿಯಲ್ಲಿ ಈಗಲೂ ಅಜ್ಜನ ಅಪ್ಪನ ಹೆಸರಿದೆ. ದುಡ್ಡು ನಾನು ಕೊಟ್ಟರೂ ರಸೀದಿ ಬರುವುದು ಅವರ ಹೆಸರಿಗೇ.