ಬಚ್ಚಲು ಗುಂಡಿ ಉಕ್ಕುತ್ತಿದ್ದರೆ ಆಳ ಮಾಡಿಸಬೇಡಿ

2 ವರ್ಷದ ಹಿಂದೆ ತೋಡಿಸಿದ ಬಚ್ಚಲು ಗುಂಡಿ ನೀರು ಇಂಗಿಸದೆ ಅಂಗಳಕ್ಕೆ ಉಕ್ಕುತ್ತಿದೆ, ಇನ್ನೂ ಆಳ ಮಾಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕೊಳೆನೀರು ಅಂತರ್ಜಲಕ್ಕೆ ಹತ್ತಿರವಾದಷ್ಟೂ ಬಾವಿಗೆ ಅಪಾಯ. ಮೊದಲು ಗುಂಡಿಗೆ ತುಂಬಿದ ಕಲ್ಲುಗಳಲ್ಲಿ ಮೇಲಿನದೊಂದನ್ನು ಎತ್ತಿ ನೋಡಿ. ಕಪ್ಪಗೆ, ಬೆರಳಿಗೆ ಜಾರುವ ಲೋಳೆ ಇದ್ದರೆ ಕಾರಣ ಅದೇ: ಸೋಪು, ಎಣ್ಣೆ ಜಿಡ್ಡು, ಅನ್ನದ ಅಗುಳು ಸೇರಿ ಮಣ್ಣಿನ ರಂಧ್ರ ಮುಚ್ಚಿವೆ.

ನೀರು ಬಿಡುವುದನ್ನು ನಿಲ್ಲಿಸಿ, ಕಲ್ಲೆಲ್ಲ ತೆಗೆದು ತೊಳೆದು ಬಿಸಿಲಿಗೆ ಹಾಕಿ. ಗೋಡೆ ಮತ್ತು ತಳವನ್ನು ಹೊಸ ಮಣ್ಣು ಕಾಣುವವರೆಗೆ ಕೆರೆದು ಒಂದು ವಾರ ಒಣಗಲು ಬಿಡಿ. ಆಮೇಲೆ ದಪ್ಪ ಕಲ್ಲು ಕೆಳಗೆ, ಸಣ್ಣವು ಮೇಲೆ.

ಇಷ್ಟಕ್ಕೇ ಬಿಟ್ಟರೆ ಮತ್ತೆ ಕಟ್ಟಿಕೊಳ್ಳುತ್ತದೆ. ಗುಂಡಿಗೆ ಮುಂಚೆ ಒಂದೂವರೆ ಅಡಿ ಚೌಕದ ಸಿಮೆಂಟ್ ತೊಟ್ಟಿ ಬೇಕೇ ಬೇಕು. ಒಳಬರುವ ಪೈಪಿಗೆ ಜಾಲರಿ ಹಾಕಿ. ಹೊರಹೋಗುವ ಪೈಪಿಗೆ ಟೀ (T ಆಕಾರದ ಪೈಪ್ ತುಂಡು) ಕೂಡಿಸಿ, ಅದರ ಕೆಳಬಾಯಿ ನೀರಿನ ಮಟ್ಟದಿಂದ ಅರ್ಧ ಅಡಿ ಕೆಳಗಿರಲಿ; ಜಿಡ್ಡು ಮೇಲೆ, ಮರಳು ತಳದಲ್ಲಿ ಉಳಿಯುತ್ತದೆ. ಜಾಲರಿ ದಿನಾ, ತೊಟ್ಟಿ 15 ದಿನಕ್ಕೊಮ್ಮೆ ಸ್ವಚ್ಛ ಮಾಡಿ. ಕಕ್ಕಸಿನ ನೀರು ಇದಕ್ಕೆ ಸೇರಲೇಬಾರದು.

ನಿಮ್ಮದು ಎರೆ ಮಣ್ಣೇ? ಪಕ್ಕದಲ್ಲಿ ಒಂದಡಿ ಗುಳಿ ತೋಡಿ ನೀರು ತುಂಬಿಸಿ, ಮಣ್ಣು ಚೆನ್ನಾಗಿ ನೆನೆದ ಮೇಲೆ ಮತ್ತೆ ತುಂಬಿಸಿ. ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಗುಂಡಿ ಅಲ್ಲಿ ನಡೆಯುವುದಿಲ್ಲ. ತೊಟ್ಟಿಯಿಂದ ನೇರ ಬಾಳೆ ಪಾತಿಗೆ ಹರಿಸಿ.