ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಇಂಥ ವಿಚಿತ್ರ ಆಕಾರ ಯಾಕೆ ಬೇಕು?

ನಿಮ್ಮ ಪ್ರಶ್ನೆ ಹೀಗಿದೆ: "ಸಂಗೀತ ಭವನ, ಮ್ಯೂಸಿಯಂ ಅಂತ ಅಲೆಯ ಹಾಗೆ, ಹಡಗಿನ ಹಾಗೆ ಕಾಣುವ ಕಟ್ಟಡಗಳಿಗೆ ಸಾವಿರಾರು ಕೋಟಿ ಸುರಿಯುತ್ತಾರೆ. ನೇರ ಗೋಡೆಯ ಒಂದು ಗಟ್ಟಿ ಕಟ್ಟಡದಲ್ಲಿ ಅದೇ ಕೆಲಸ ಆಗಲ್ವಾ? ಇದು ಜನರ ತೆರಿಗೆ ಹಣದಲ್ಲಿ ಮಾಡುವ ಶೋಕಿ ಅಲ್ವಾ?"

ಶೋಕಿ ಅಲ್ಲ ಅನ್ನುವುದು ನನ್ನ ಉತ್ತರ. ಆದರೆ ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಅದನ್ನೂ ಹೇಳುತ್ತೇನೆ.

ನಾನು ಧಾರವಾಡದವನು. ಕಟ್ಟಡಗಳ ಕಂಬ, ತೊಲೆ, ಪಾಯದ ಲೆಕ್ಕ ಹಾಕುವ ಎಂಜಿನಿಯರ್. 2015ರಿಂದ ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದೇನೆ. ನಾನು ಬಂದಾಗ ಈ ಊರಿನಲ್ಲಿ ಎಲ್ಬ್‌ಫಿಲ್‌ಹಾರ್ಮೊನಿ ಎಂಬ ಸಂಗೀತ ಭವನದ ಕೆಲಸ ಇನ್ನೂ ಮುಗಿದಿರಲಿಲ್ಲ. ಹೊರಗಿನ ಗಾಜೆಲ್ಲ ಹಾಕಿ ಆಗಿತ್ತು, ಒಳಗೆ ಕೆಲಸ ನಡೆಯುತ್ತಲೇ ಇತ್ತು. ಆಫೀಸಿನಲ್ಲಿ ಅದರ ಮಾತು ಬಂದರೆ ಸಾಕು, ಎಲ್ಲರ ಮುಖ ಗಂಟಾಗುತ್ತಿತ್ತು. ಇಷ್ಟು ದುಡ್ಡಿನಲ್ಲಿ ಎಷ್ಟು ಶಿಶುವಿಹಾರ ಕಟ್ಟಬಹುದಿತ್ತು ಅಂತ ಒಬ್ಬರು ಪ್ರತಿ ಸಲ ಹೇಳುತ್ತಿದ್ದರು. ಅವರ ಮಾತು ಆಗ ನನಗೂ ಸರಿ ಅನ್ನಿಸಿತ್ತು. ನಾನು ಈ ಕಟ್ಟಡಕ್ಕೆ ಕೆಲಸ ಮಾಡಿದವನಲ್ಲ, ನೋಡುತ್ತಾ ನೋಡುತ್ತಾ ಮನಸ್ಸು ಬದಲಾದವನು. ಹಾಗಾಗಿ ಇದನ್ನೇ ಹಿಡಿದು ಉತ್ತರ ಕೊಡುತ್ತೇನೆ.

ಮೊದಲು ಕಟ್ಟಡದ ಬಗ್ಗೆ. ಎಲ್ಬೆ ನದಿಯ ದಡದಲ್ಲಿ 1960ರ ದಶಕದ ಒಂದು ಇಟ್ಟಿಗೆ ಗೋದಾಮು ಇತ್ತು. ಕೋಕೋ, ಚಹಾ, ತಂಬಾಕು ತುಂಬಿಡುತ್ತಿದ್ದ ಜಾಗ. ದಪ್ಪ ಗೋಡೆ, ಸಣ್ಣ ಸಣ್ಣ ಕಿಂಡಿ. ಬಂದರಿನ ವ್ಯಾಪಾರದ ರೀತಿ ಬದಲಾದ ಮೇಲೆ ಅದು ಖಾಲಿ ಬಿದ್ದಿತ್ತು. ಸ್ವಿಟ್ಜರ್‌ಲೆಂಡಿನ ಹೆರ್ಜೋಗ್ ಮತ್ತು ದ ಮ್ಯೂರೋನ್ ಎಂಬ ವಾಸ್ತುಶಿಲ್ಪಿಗಳು ಅದನ್ನು ಕೆಡವಲಿಲ್ಲ. ಹೊರಗೋಡೆ ಉಳಿಸಿಕೊಂಡು, ಒಳಗಿನದನ್ನು ತೆಗೆದು, ಅದರ ತಲೆಯ ಮೇಲೆ ಗಾಜಿನ ಇನ್ನೊಂದು ಕಟ್ಟಡ ಕೂರಿಸಿದರು. ಅದರ ಮಾಡು ಅಲೆ ಎದ್ದು ನಿಂತ ಹಾಗೆ ಏರಿಳಿಯುತ್ತದೆ. ಅತಿ ಎತ್ತರದ ತುದಿ ನೆಲದಿಂದ 110 ಮೀಟರ್. ಹಳೆಯ ಗೋದಾಮಿನ ಕೆಳಗೆ 1,111 ಪೈಲ್‌ಗಳಿದ್ದವು, ಅಂದರೆ ಭಾರ ಹೊರಲು ನೆಲದಾಳಕ್ಕೆ ಇಳಿಸಿದ ಕಂಬಗಳು. ಹೊಸ ಭಾರ ಹೊರಲು ಇನ್ನೂ 650 ಪೈಲ್ ಇಳಿಸಿದರು. ನನ್ನಂಥವರಿಗೆ ಗಾಜಿನ ಅಲೆಗಿಂತ ಈ ನೆಲದ ಕೆಳಗಿನ ಕೆಲಸವೇ ಜಾಸ್ತಿ ಧೈರ್ಯದ್ದಾಗಿ ಕಾಣುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಪೆಟ್ಟಿಗೆಯಂಥ ಕಟ್ಟಡ ಸಾಲುತ್ತಿರಲಿಲ್ವಾ?

ಒಳಗಿನ ದೊಡ್ಡ ಸಭಾಂಗಣದಲ್ಲಿ 2,100 ಜನ ಕೂರಬಹುದು. ಅಲ್ಲಿ ವೇದಿಕೆ ಒಂದು ತುದಿಗೆ ಇಲ್ಲ, ಹೆಚ್ಚುಕಡಿಮೆ ನಡುವೆ ಇದೆ. ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಸೀಟುಗಳು ಮೇಲೇರುತ್ತವೆ. ಅಷ್ಟು ಜನ ಕೂತರೂ ವಾದ್ಯವೃಂದ ನಡೆಸುವವರಿಂದ ಯಾರೂ 30 ಮೀಟರ್‌ಗಿಂತ ದೂರ ಇರುವುದಿಲ್ಲ. ನಾನು ಮೊದಲ ಸಲ ಹೋದಾಗ ತೀರಾ ಮೇಲಿನ ಸಾಲಿನ ಅಗ್ಗದ ಟಿಕೆಟ್ ಸಿಕ್ಕಿತ್ತು. ಅಲ್ಲಿಂದಲೂ ಪಿಟೀಲು ನುಡಿಸುವವರ ಬೆರಳು ಕಂಡಿತು. ಧಾರವಾಡದಲ್ಲಿ ಚಿಕ್ಕಂದಿನಲ್ಲಿ ಮನೆಯ ಪಡಸಾಲೆಯ ಬೈಠಕ್‌ಗಳಿಗೆ ಅಪ್ಪನ ಜೊತೆ ಹೋಗುತ್ತಿದ್ದೆ. ಹಾಡುವವರ ಸುತ್ತ ಜಮಖಾನದ ಮೇಲೆ ಕೂತು, ಅವರ ಉಸಿರು ಕೇಳುವಷ್ಟು ಹತ್ತಿರದಿಂದ ಆಲಾಪ ಕೇಳುವುದು. ಆ ಹತ್ತಿರವನ್ನು 2,100 ಜನಕ್ಕೆ ಕೊಡಬೇಕು ಅಂದರೆ ಉದ್ದನೆಯ ಪೆಟ್ಟಿಗೆ ಹಾಲ್‌ನಲ್ಲಿ ಆಗುವುದಿಲ್ಲ. ಹಿಂದಿನ ಸಾಲು ದೂರ ಹೋಗಿಬಿಡುತ್ತದೆ. ಸೀಟುಗಳನ್ನು ಸುತ್ತ ತರಬೇಕು, ಮೇಲಕ್ಕೆ ಏರಿಸಬೇಕು. ಹಾಗೆ ಏರಿಸಿದಾಗ ಮಾಡೂ ಮೇಲೇಳುತ್ತದೆ. ಹೊರಗೆ ಕಾಣುವ ಆ ಎತ್ತರಕ್ಕೆ ಒಳಗಿನ ಕಾರಣ ಇದೆ.

ಗೋಡೆಯ ವಿಷಯವೂ ಹಾಗೇ. ನುಣ್ಣನೆ ಗೋಡೆಗೆ ಬಡಿದ ಸದ್ದು ಕನ್ನಡಿಗೆ ಬಿದ್ದ ಬೆಳಕಿನ ಹಾಗೆ ಒಂದೇ ದಿಕ್ಕಿಗೆ ವಾಪಸ್ ಬರುತ್ತದೆ. ಅದು ಕಿವಿಗೆ ಚುಚ್ಚುತ್ತದೆ. ಅದನ್ನು ಚದುರಿಸಲು ಜಪಾನಿನ ಯಾಸುಹಿಸಾ ತೊಯೋತಾ ಎಂಬ ಧ್ವನಿ ತಜ್ಞರ ಜೊತೆ ಸೇರಿ ಸುಮಾರು 10,000 ಜಿಪ್ಸಂ ಫಲಕಗಳ ಒಳಮೈ ಮಾಡಿದ್ದಾರೆ. ಒಂದೊಂದು ಫಲಕದ ಮೇಲೂ ಚಿಪ್ಪಿನಂಥ ತಗ್ಗುಗಳು. ಒಂದರ ಹಾಗೆ ಇನ್ನೊಂದಿಲ್ಲ. ಕಟ್ಟುವ ಮೊದಲೇ ಇಡೀ ಹಾಲ್‌ನ ಹತ್ತರಲ್ಲಿ ಒಂದು ಪಾಲು ಅಳತೆಯ ಮಾದರಿ ಮಾಡಿ, ಸೀಟುಗಳಲ್ಲಿ ಬಟ್ಟೆಯ ಗೊಂಬೆಗಳನ್ನು ಕೂರಿಸಿ, ಸದ್ದು ಹೇಗೆ ಹರಿಯುತ್ತದೆ ಅಂತ ಅಳೆದಿದ್ದರು. ಜನ ತುಂಬಿದ ಹಾಲ್‌ಗೂ ಖಾಲಿ ಹಾಲ್‌ಗೂ ಸದ್ದು ಬೇರೆ ಬೇರೆ, ಅದಕ್ಕೇ ಗೊಂಬೆಗಳು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಇದು ಬಂದರು. ಹೊರಗೆ ದೊಡ್ಡ ಹಡಗುಗಳು ಹಾರ್ನ್ ಹೊಡೆಯುತ್ತಲೇ ಇರುತ್ತವೆ. ಅದೇ ಕಟ್ಟಡದಲ್ಲಿ ಹೋಟೆಲ್ ಇದೆ, ಮನೆಗಳಿವೆ. ಹೊರಗಿನ ಸದ್ದು ಒಳಗೆ ಬರಬಾರದು, ಒಳಗಿನ ನಗಾರಿ ಸದ್ದಿಗೆ ಹೋಟೆಲ್‌ನಲ್ಲಿ ಮಲಗಿದವರು ಎದ್ದು ಕೂರಬಾರದು. ಹಾಗಾಗಿ ಸಭಾಂಗಣವನ್ನು ದೊಡ್ಡ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟ ಹಾಗೆ ಬೇರೆಯಾಗಿ ಕಟ್ಟಿದ್ದಾರೆ. ಅದರ ತೂಕ 12,500 ಟನ್. ಅದು ಕಟ್ಟಡಕ್ಕೆ ನೇರವಾಗಿ ಅಂಟಿಕೊಂಡಿಲ್ಲ, 362 ಸ್ಪ್ರಿಂಗ್ ಕಟ್ಟುಗಳ ಮೇಲೆ ಕೂತಿದೆ. ಒಳಗೆ ಕೂತಾಗ ಸುತ್ತ ಬಂದರು ಇದೆ ಅನ್ನುವುದೇ ಮರೆತುಹೋಗುತ್ತದೆ.

ಎಲ್ಲವೂ ಸರಿಯಾಗಿದೆ ಅಂತಲ್ಲ. 2019ರ ಜನವರಿಯಲ್ಲಿ ಯೋನಾಸ್ ಕೌಫ್‌ಮನ್ ಎಂಬ ಹೆಸರಾಂತ ಗಾಯಕ ಇಲ್ಲಿ ಹಾಡುವಾಗ ಬೆನ್ನ ಹಿಂದೆ ಕೂತಿದ್ದ ಕೆಲವರು ಕೇಳಿಸುತ್ತಿಲ್ಲ ಅಂತ ಗಲಾಟೆ ಮಾಡಿದ್ದರು. ವಾದ್ಯದ ಸದ್ದು ಸುತ್ತ ಹರಡುತ್ತದೆ, ಬಾಯಿಂದ ಬರುವ ದನಿ ಮುಂದಕ್ಕೇ ಜಾಸ್ತಿ ಹೋಗುತ್ತದೆ. ಸುತ್ತ ಕೂರಿಸುವ ವ್ಯವಸ್ಥೆಗೆ ತೆರಬೇಕಾದ ಬೆಲೆ ಅದು. ನಾನಂತೂ ಹಾಡುಗಾರಿಕೆ ಇದ್ದ ದಿನ ಎದುರಿನ ಸೀಟೇ ತೆಗೆದುಕೊಳ್ಳುತ್ತೇನೆ.

ಇಷ್ಟೆಲ್ಲ ಟಿಕೆಟ್ ಇದ್ದವರ ಮಾತಾಯಿತು. ನನ್ನ ಮನಸ್ಸು ಬದಲಾದದ್ದು ಇದರಿಂದಲ್ಲ.

ಹಳೆಯ ಗೋದಾಮು ಮುಗಿದು ಗಾಜಿನ ಕಟ್ಟಡ ಶುರುವಾಗುವ ನಡುವೆ, 37 ಮೀಟರ್ ಎತ್ತರದಲ್ಲಿ ಒಂದು ಬಯಲು ಬಿಟ್ಟಿದ್ದಾರೆ. ಅದನ್ನು ಪ್ಲಾಜಾ ಅನ್ನುತ್ತಾರೆ. ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು. ಕೆಳಗೆ ಬಂದು ಆವತ್ತಿನ ಚೀಟಿ ತಗೊಂಡರೆ ದುಡ್ಡಿಲ್ಲ. ಮೊದಲೇ ಕಾಯ್ದಿರಿಸಬೇಕು ಅಂದರೆ ಮಾತ್ರ ಸಣ್ಣ ಶುಲ್ಕ. ಮೇಲೆ ಹೋಗಲು 82 ಮೀಟರ್ ಉದ್ದದ ಎಸ್ಕಲೇಟರ್ ಇದೆ. ಅದು ನಡುವೆ ಬಾಗಿದೆ, ಹತ್ತುವಾಗ ತುದಿ ಕಾಣುವುದಿಲ್ಲ. ಬೆಳ್ಳಗಿನ ಸುರಂಗದಲ್ಲಿ ನಿಧಾನ ತೇಲಿದ ಹಾಗೆ ಹೋಗಿ, ಒಮ್ಮೆಲೇ ನದಿ ಕಣ್ಣಿಗೆ ಬೀಳುತ್ತದೆ.

2018ರ ಬೇಸಿಗೆಯಲ್ಲಿ ಅವ್ವ ಬಂದಿದ್ದಳು. ಮೊಣಕಾಲು ನೋವು, ಜಾಸ್ತಿ ನಡೆಯಲು ಆಗುತ್ತಿರಲಿಲ್ಲ. ಪಾಶ್ಚಾತ್ಯ ಸಂಗೀತ ಅವಳಿಗೆ ಬೇಕಿರಲಿಲ್ಲ. ಪ್ಲಾಜಾಕ್ಕೆ ಕರೆದುಕೊಂಡು ಹೋದೆ. ಕಟ್ಟಡದ ಸುತ್ತಲೂ ಹೊರಗೆ ನಡೆಯಬಹುದು. ಒಂದು ಕಡೆ ಹಡಗುಗಳ ಕ್ರೇನ್, ಇನ್ನೊಂದು ಕಡೆ ಹಳೆಯ ಇಟ್ಟಿಗೆ ಗೋದಾಮುಗಳ ಸಾಲು, ಚರ್ಚುಗಳ ಗೋಪುರ. ಅವ್ವ ಒಂದು ಸುತ್ತು ಹಾಕಿ ಬಂದು ಕೂತು, ಸೆರಗು ಸರಿಮಾಡಿಕೊಂಡು, "ಇಷ್ಟ ಛಂದ ಜಾಗಾಕ್ಕ ರೊಕ್ಕ ಕೇಳಂಗಿಲ್ಲೇನೋ ಇವರು?" ಅಂದಳು. ಇಲ್ಲ ಅಂದೆ. ಒಂದು ತಾಸು ಅಲ್ಲೇ ಕೂತಳು. ಪಕ್ಕದಲ್ಲಿ ಒಬ್ಬ ಮುದುಕರು ಡಬ್ಬಿ ಬಿಚ್ಚಿ ಬ್ರೆಡ್ ತಿನ್ನುತ್ತಿದ್ದರು. ಯಾರೂ ಅವರನ್ನು ಎಬ್ಬಿಸಲಿಲ್ಲ. ಊರ ಕಟ್ಟೆಯ ಮೇಲೆ ಕೂತ ಹಾಗೇ ಇತ್ತು. ಆಮೇಲೆ ಮೂರು ಸಲ, ಬೇರೆ ಎಲ್ಲಿಗೂ ಬೇಡ, ಅಲ್ಲಿಗೇ ಹೋಗೋಣ ಅಂದಳು.

ನೇರ ಗೋಡೆಯ ಸಂಗೀತ ಭವನ ಕಟ್ಟಿದ್ದರೆ ಟಿಕೆಟ್ ಇಲ್ಲದ ಅವ್ವನಿಗೆ ಅದರಲ್ಲಿ ಏನೂ ಇರುತ್ತಿರಲಿಲ್ಲ. ಬಾಗಿಲು ನೋಡಿಕೊಂಡು ಮುಂದೆ ಹೋಗುತ್ತಿದ್ದೆವು. ನನ್ನ ಮಟ್ಟಿಗೆ ಇಲ್ಲಿನ ನಿಜವಾದ ಧೈರ್ಯ ಮಾಡಿನ ಅಲೆ ಅಲ್ಲ. ಎಲ್ಲಕ್ಕಿಂತ ಒಳ್ಳೆಯ ನೋಟ ಸಿಗುವ ಜಾಗವನ್ನು ಮಾರಿಕೊಳ್ಳದೆ ಊರಿಗೆ ಬಿಟ್ಟರಲ್ಲ, ಅದು.

ಇನ್ನು ನಿಮ್ಮ ಸಿಟ್ಟಿಗೆ ಕಾರಣವಾದ ದುಡ್ಡು. ಮೊದಲು ಊರಿನ ಖಜಾನೆಯಿಂದ 7.7 ಕೋಟಿ ಯೂರೋ ಸಾಕು ಅಂದಿದ್ದರು. ಕೊನೆಗೆ ಊರು ಕೊಟ್ಟದ್ದು 78.9 ಕೋಟಿ. ದಾನದ ಹಣವೂ ಸೇರಿ ಒಟ್ಟು 86.6 ಕೋಟಿ ಯೂರೋ, ಆಗಿನ ಲೆಕ್ಕದಲ್ಲಿ 6,000 ಕೋಟಿ ರೂಪಾಯಿಗೂ ಜಾಸ್ತಿ. 2007ರಲ್ಲಿ ಕೆಲಸ ಶುರು, 2010ಕ್ಕೆ ಮುಗಿಯಬೇಕಿತ್ತು, ಬಾಗಿಲು ತೆರೆದದ್ದು 2017ರ ಜನವರಿ 11ಕ್ಕೆ. ನಡುವೆ ಜಗಳವಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಲಸ ನಿಂತಿತ್ತು. ಇಷ್ಟು ದೊಡ್ಡ ತಪ್ಪನ್ನು ಕಟ್ಟಡ ಚಂದ ಇದೆ ಅಂತ ನಾನು ಮುಚ್ಚಿಡುವುದಿಲ್ಲ.

ಆದರೆ ತಪ್ಪು ಎಲ್ಲಾಯಿತು? ಹ್ಯಾಂಬರ್ಗ್ ಶಾಸನಸಭೆ ತನಿಖಾ ಸಮಿತಿ ಮಾಡಿ 2014ರಲ್ಲಿ ವರದಿ ಕೊಟ್ಟಿತು. ವಿನ್ಯಾಸ ಪೂರ್ತಿ ಆಗುವ ಮೊದಲೇ ಗುತ್ತಿಗೆ ಕೊಟ್ಟುಬಿಟ್ಟಿದ್ದರು. ಅದೂ ಅಲ್ಲದೆ ವಾಸ್ತುಶಿಲ್ಪಿಗಳ ಜೊತೆ ಒಂದು ಒಪ್ಪಂದ, ಕಟ್ಟುವವರ ಜೊತೆ ಇನ್ನೊಂದು, ನಡುವೆ ಊರು. ಅವರು ನಕ್ಷೆ ಬದಲಾಯಿಸಿದರೆ ಇವರು ಹೆಚ್ಚಿನ ಬಿಲ್ ಕೊಡುತ್ತಾರೆ. ಮನೆ ಕಟ್ಟಿಸಿದ ಯಾರಿಗಾದರೂ ಇದು ಗೊತ್ತು. ಪಾಯ ತೋಡಿದ ಮೇಲೆ ಅಡುಗೆಮನೆ ಇಲ್ಲಿ ಬೇಡ, ಅಲ್ಲಿರಲಿ ಅಂದರೆ ಮೇಸ್ತ್ರಿ ಸುಮ್ನೆ ಮಾಡುತ್ತಾನಾ?

ಸಿಡ್ನಿಯ ಆಪೆರಾ ಹೌಸ್‌ನಲ್ಲೂ ಆದದ್ದು ಇದೇ. ಎಲ್ಲಿ ಅಧಿಕಾರ ಕೈತಪ್ಪಿ ಯೋಜನೆ ನಿಂತುಹೋಗುತ್ತದೋ ಅಂತ ಅಲ್ಲಿನ ರಾಜ್ಯದ ಮುಖ್ಯಮಂತ್ರಿ 1959ರಲ್ಲಿ ಅವಸರವಾಗಿ ಕೆಲಸ ಶುರು ಮಾಡಿಸಿದರು. ಆಗ ಆ ಚಿಪ್ಪಿನಂಥ ಮಾಡುಗಳನ್ನು ಹೇಗೆ ಕಟ್ಟುವುದು ಅಂತಲೇ ಗೊತ್ತಿರಲಿಲ್ಲ. ಅದಕ್ಕೆ ದಾರಿ ಸಿಕ್ಕದ್ದು 1961ರಲ್ಲಿ: ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದಿಂದ ಕತ್ತರಿಸಿದ ತುಂಡುಗಳಾಗಿ ಮಾಡಿದರೆ ಒಂದೇ ಅಚ್ಚಿನಲ್ಲಿ ಭಾಗಗಳನ್ನು ಎರಕ ಹೊಯ್ಯಬಹುದು. ಅಷ್ಟರಲ್ಲಿ ಕೆಳಗೆ ಹಾಕಿದ್ದ ಕಂಬಗಳು ಆ ಭಾರಕ್ಕೆ ಸಾಲದಾಗಿದ್ದವು, ಒಡೆದು ಮತ್ತೆ ಕಟ್ಟಿದರು. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂದುಕೊಂಡದ್ದು 10.2 ಕೋಟಿ ಆಯಿತು. ಅದರಲ್ಲಿ ಬಹುಪಾಲು ಲಾಟರಿಯಿಂದ ಬಂತು ಅನ್ನುವುದು ಬೇರೆ ಮಾತು. ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ 1966ರಲ್ಲಿ ಬೇಸತ್ತು ಊರು ಬಿಟ್ಟರು. 1973ರಲ್ಲಿ ತೆರೆದ ತಮ್ಮ ಕಟ್ಟಡವನ್ನು ಸಾಯುವವರೆಗೂ ಕಣ್ಣಾರೆ ನೋಡಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಹಿಂಡುತ್ತದೆ.

ಈಗ ಸ್ಪೇನಿನ ಬಿಲ್ಬಾವ್ ನೋಡಿ. 1997ರಲ್ಲಿ ತೆರೆದ ಗುಗೆನ್‌ಹೈಮ್ ಮ್ಯೂಸಿಯಂ ಇವೆರಡಕ್ಕಿಂತಲೂ ವಿಚಿತ್ರ ಆಕಾರದ್ದು. ಹೂವಿನ ಎಸಳು ತಿರುಚಿದ ಹಾಗೆ ಬಾಗಿದ ಗೋಡೆಗಳು, ಮೇಲೆ ಅರ್ಧ ಮಿಲಿಮೀಟರ್‌ಗಿಂತ ತೆಳುವಾದ ಟೈಟಾನಿಯಂ ಹಾಳೆ. ಆದರೂ ಹೇಳಿದ ಸಮಯಕ್ಕೆ, ಹೇಳಿದ ದುಡ್ಡಿನಲ್ಲಿ ಮುಗಿಯಿತು! ವಾಸ್ತುಶಿಲ್ಪಿ ಫ್ರಾಂಕ್ ಗೆರಿ ವಿಮಾನ ವಿನ್ಯಾಸಕ್ಕೆ ಬಳಸುವ ಕಟಿಯಾ ಎಂಬ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬಾಗನ್ನೂ ಮೊದಲೇ ಅಳತೆ ಮಾಡಿಟ್ಟಿದ್ದರು. ಉಕ್ಕು ಕೊಡುವವರಿಗೆ ಯಾವ ತುಂಡು ಎಷ್ಟುದ್ದ ಅಂತ ಖಚಿತವಾಗಿ ಗೊತ್ತಿತ್ತು. ನಾರ್ವೆಯ ಓಸ್ಲೋ ಆಪೆರಾ ಭವನವೂ ಹಾಗೇ, 2008ರಲ್ಲಿ ತೆರೆದದ್ದು, ಅಂದಾಜಿಗಿಂತ ಕಡಿಮೆ ಖರ್ಚಿನಲ್ಲಿ ಮುಗಿದದ್ದು. ಅದರ ಮಾಡು ಬಿಳಿ ಮಾರ್ಬಲ್‌ನ ಇಳಿಜಾರು, ನೀರಿನ ಅಂಚಿಗೆ ಬಂದು ಮುಟ್ಟುತ್ತದೆ. ಜನ ಅದರ ಮೇಲೆ ನಡೆದು ತುದಿಗೆ ಹೋಗುತ್ತಾರೆ. ನಾನು ಹೋದ ದಿನ ಒಬ್ಬ ತಾಯಿ ಮಗುವಿಗೆ ಅಲ್ಲಿ ಹೆಜ್ಜೆ ಇಡಲು ಕಲಿಸುತ್ತಿದ್ದಳು. ನಾನು ಕಟ್ಟಡದ ಒಳಗೆ ಹೋಗಲೇ ಇಲ್ಲ, ಮಾಡಿನ ಮೇಲೇ ಸಂಜೆ ಕಳೆಯಿತು.

ಹಾಗಾದರೆ ಆಕಾರ ಒಂದಿದ್ದರೆ ಸಾಕಾ? ಖಂಡಿತ ಸಾಲದು. ಬಿಲ್ಬಾವ್ ನೋಡಿ ಆಸೆಪಟ್ಟು ಎಷ್ಟೋ ಊರುಗಳು ಬರೀ ಆಕಾರ ತಂದುಕೊಂಡವು. ಬಿಲ್ಬಾವ್‌ನಲ್ಲಿ ಮ್ಯೂಸಿಯಂಗೆ ಮೊದಲೇ 1995ರಲ್ಲಿ ಮೆಟ್ರೋ ಬಂದಿತ್ತು, ಕೊಳೆತ ನದಿಯನ್ನು ಸ್ವಚ್ಛ ಮಾಡುತ್ತಿದ್ದರು. ಅದು ಫೋಟೋದಲ್ಲಿ ಕಾಣುವುದಿಲ್ಲ ಅಲ್ವಾ? ಅದೇ ಸ್ಪೇನಿನ ಗಲೀಸಿಯಾದಲ್ಲಿ ಪೀಟರ್ ಐಸೆನ್‌ಮನ್ ವಿನ್ಯಾಸದ ಸಂಸ್ಕೃತಿ ನಗರ ಅಂತ ಗುಡ್ಡದ ಮೇಲೆ ಗುಡ್ಡದಂತೆಯೇ ಕಾಣುವ ಕಟ್ಟಡಗಳ ಗುಂಪು ಶುರು ಮಾಡಿದರು. ಖರ್ಚು ಅಂದಾಜಿಗಿಂತ ದುಪ್ಪಟ್ಟಿಗೂ ಮೀರಿತು, 2013ರಲ್ಲಿ ಉಳಿದ ಎರಡು ಕಟ್ಟಡಗಳನ್ನು ಕೈಬಿಟ್ಟರು. ನೀವು ಶೋಕಿ ಅಂತ ಯಾವುದನ್ನಾದರೂ ಕರೆಯುವುದಾದರೆ ಇದನ್ನು ಕರೆಯಿರಿ, ನಾನು ತಕರಾರು ಮಾಡುವುದಿಲ್ಲ.

ನಿಮ್ಮ ಊರಿನಲ್ಲಿ ಯಾರಾದರೂ ಇಂಥ ಕಟ್ಟಡದ ಬಣ್ಣದ ಚಿತ್ರ ತೋರಿಸಿದರೆ ಆಕಾರದ ಬಗ್ಗೆ ಜಗಳ ಮಾಡಬೇಡಿ. ನಕ್ಷೆ ಪೂರ್ತಿ ಆಗಿದೆಯಾ ಕೇಳಿ. ಟಿಕೆಟ್ ಇಲ್ಲದವರು ಎಲ್ಲಿ ಕೂರಬೇಕು ಅಂತ ಬೆರಳಿಟ್ಟು ತೋರಿಸಲು ಹೇಳಿ.

ಹ್ಯಾಂಬರ್ಗ್‌ಗೆ ಬರುವುದಾದರೆ ಲ್ಯಾಂಡುಂಗ್ಸ್‌ಬ್ರ್ಯೂಕನ್ ಎಂಬ ದೋಣಿ ನಿಲ್ದಾಣದಿಂದ 72ನೇ ನಂಬರಿನ ದೋಣಿ ಹಿಡಿಯಿರಿ. ನದಿಯ ಮೇಲಿಂದ ನೋಡಿದರೇ ಆ ಕಟ್ಟಡ ಸರಿಯಾಗಿ ಕಾಣುವುದು. ಪ್ಲಾಜಾಕ್ಕೆ ಸಂಜೆ ಹೋಗಿ. ಬೇಸಿಗೆಯಲ್ಲೂ ಅಲ್ಲಿ ಜೋರು ಗಾಳಿ, ಒಂದು ಸ್ವೆಟರ್ ಇರಲಿ.